ಕಾರೆಲ್ ಚಾಪೆಕ್ ಮತ್ತು ಯಂತ್ರಮಾನವರ ಒಲವು

ಮನುಷ್ಯಕುಲವೆಲ್ಲ ಅಳಿದುಹೋಗಿದೆ. ಉಳಿದವನು ಒಬ್ಬನೇ ಮುದುಕ. ಗಾಜಿನ ನಳಿಗೆಗಳ ನಡುವೆ ಹಗಲಿರುಳೂ ಕುಳಿತು, ತನಗೆ ತಿಳಿಯದ ವಿದ್ಯೆಯೊಂದನ್ನು ತಡಕಾಡಿ, ಬಳಲಿ, ಕೊನೆಗೆ ಪ್ರಯೋಗಶಾಲೆಯಲ್ಲಿಯೇ ಕಣ್ಣುಮುಚ್ಚಿದ್ದಾನೆ. ಯಾರೋ ನಕ್ಕ ಸದ್ದಿಗೆ ಅವನಿಗೆ ಎಚ್ಚರವಾಗುತ್ತದೆ. ನಗುವುದಕ್ಕೆ ಲೋಕದಲ್ಲಿ ಯಾರಿದ್ದಾರೆ? ಮನುಷ್ಯರನ್ನು ಕೊಂದುಹಾಕಿದ ಯಂತ್ರಮಾನವರು ದುಡಿಯಬಲ್ಲರು, ಎಣಿಸಬಲ್ಲರು, ಆಳಬಲ್ಲರು, ಆದರೆ ನಗಲಾರರು. ಮುದುಕ ಎದ್ದು ನೋಡಿದರೆ ಎದುರಿಗೆ ನಿಂತವರು ಅಂಥ ಯಂತ್ರಮಾನವರೇ: ಒಬ್ಬ ತರುಣ, ಒಬ್ಬ ತರುಣಿ. ನಕ್ಕವಳು ಅವಳು.

‘ಆರ್. ಯು. ಆರ್.’ ಎಂಬ ನಾಟಕದ ಕೊನೆಯ ಅಂಕದಲ್ಲಿ ಈ ನಗೆ ಕೇಳಿಬರುತ್ತದೆ. ಬರೆದವನು ಚೆಕ್ ಭಾಷೆಯ ಕಾರೆಲ್ ಚಾಪೆಕ್. ನಾಟಕ ಅಚ್ಚಾದದ್ದು ೧೯೨೦ರಲ್ಲಿ; ಆಗ ಅವನಿಗೆ ಮೂವತ್ತು ವರ್ಷ. ರೋಬೋಟ್ ಎಂಬ ಮಾತು ಲೋಕದ ಭಾಷೆಗಳಿಗೆಲ್ಲ ಹಬ್ಬಿದ್ದು ಈ ನಾಟಕದಿಂದಲೇ. ಆ ಒಂದು ಮಾತನ್ನು ಎಲ್ಲರೂ ಎತ್ತಿಕೊಂಡರು; ಅದರ ಜೊತೆಗೆ ಬಂದ ನಗೆಯನ್ನು ಮಾತ್ರ ಬಹುಮಂದಿ ಅಲ್ಲಿಯೇ ಬಿಟ್ಟರು. ಯಂತ್ರಮಾನವನನ್ನು ಮೊದಲು ರಂಗಕ್ಕೆ ತಂದವನೇ ಅವನ ಪ್ರಣಯವನ್ನೂ ಮೊದಲು ತಂದನೆಂಬುದು ಇಂದಿಗೂ ಹಲವರಿಗೆ ಹೊಸ ಸುದ್ದಿಯಾಗಿ ತೋರುತ್ತದೆ.

ಚಾಪೆಕ್ ಹುಟ್ಟಿದ್ದು ೧೮೯೦ರ ಜನವರಿ ೯ರಂದು, ಬೊಹೀಮಿಯದ ಈಶಾನ್ಯ ಸೀಮೆಯ ಮಾಲೆ ಸ್ವಾತೊನ್ಯೊವಿತ್ಸೆ ಎಂಬ ಸಣ್ಣ ಊರಿನಲ್ಲಿ. ಆಗ ಆ ನಾಡು ಆಸ್ಟ್ರಿಯ-ಹಂಗೆರಿ ಸಾಮ್ರಾಜ್ಯಕ್ಕೆ ಸೇರಿತ್ತು. ತಂದೆ ವೈದ್ಯ. ತಾಯಿ ಹಳ್ಳಿಯ ಹಾಡುಕತೆಗಳನ್ನು ಕಲೆಹಾಕುವ ಹವ್ಯಾಸದವಳು. ಮೂವರು ಮಕ್ಕಳಲ್ಲಿ ಹಿರಿಯಳು ಹೆಲೆನಾ, ನಡುವಿನವನು ಯೋಸೆಫ್, ಕೊನೆಯವನು ಕಾರೆಲ್. ಕಾರೆಲ್ ಹುಟ್ಟಿದ ವರ್ಷವೇ ಸಂಸಾರ ಹತ್ತಿರದ ಊಪಿತ್ಸೆಗೆ ಬಂದು ನೆಲಸಿತು. ಗಿರಣಿಯ ಕೆಲಸಗಾರರು ತುಂಬಿದ ಊರು ಅದು. ತಂದೆಯ ಬಾಗಿಲಿಗೆ ಬರುತ್ತಿದ್ದ ರೋಗಿಗಳಲ್ಲಿ ದುಡಿದು ಮೈಮುರಿದವರನ್ನು ಬಾಲಕನು ದಿನವೂ ನೋಡಿರಬೇಕು. ಮುಂದೆ ಅವನ ಬರವಣಿಗೆಯಲ್ಲಿ ದುಡಿಮೆ ಮತ್ತು ವೈದ್ಯ ಎರಡೂ ಮತ್ತೆ ಮತ್ತೆ ಕಾಣಿಸಿಕೊಳ್ಳುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಪ್ರೌಢಶಾಲೆಗೆ ಅವನನ್ನು ಹ್ರಾದೆತ್ಸ್ ಕ್ರಾಲೊವೆ ಎಂಬ ಪಟ್ಟಣಕ್ಕೆ ಕಳುಹಿಸಿದರು. ೧೯೦೫ರಲ್ಲಿ, ಆಸ್ಟ್ರಿಯದ ಆಳ್ವಿಕೆಗೆ ವಿರೋಧವಾದ ವಿದ್ಯಾರ್ಥಿಗಳ ಗುಪ್ತಕೂಟವೊಂದರಲ್ಲಿ ಸೇರಿದನೆಂದು ಆ ಶಾಲೆ ಅವನನ್ನು ಹೊರಹಾಕಿತು. ಓದು ಬ್ರನೋ ನಗರದಲ್ಲಿ ಅಕ್ಕನ ಮನೆಯಲ್ಲಿ ಮುಂದುವರಿದು, ಪ್ರಾಗ್‌ನಲ್ಲಿ ಮುಗಿಯಿತು. ಅನಂತರ ತತ್ತ್ವಶಾಸ್ತ್ರ, ನಡುವೆ ಬರ್ಲಿನ್ ಮತ್ತು ಪ್ಯಾರಿಸ್ಸಿನ ವಿಶ್ವವಿದ್ಯಾಲಯಗಳಲ್ಲಿ ಕೆಲಕಾಲ, ೧೯೧೫ರಲ್ಲಿ ಪ್ರಾಗ್‌ನಲ್ಲಿ ಡಾಕ್ಟರ್ ಪದವಿ.

ಆದರೆ ಅವನ ಬಾಳನ್ನು ತಿದ್ದಿದ್ದು ಪದವಿಯಲ್ಲ, ಬೆನ್ನುಮೂಳೆ. ಇಪ್ಪತ್ತರ ಹರೆಯದಲ್ಲಿಯೇ ಬೆನ್ನೆಲುಬಿನ ಕೀಲುಗಳು ಒಂದಕ್ಕೊಂದು ಬೆಸೆದುಕೊಂಡು ಬಿಗಿಯಾಗುತ್ತ ಹೋಗುವ ರೋಗ ಅವನಿಗೆ ಅಂಟಿತು. ಅದು ಸಾಯುವವರೆಗೂ ಬಿಡಲಿಲ್ಲ. ಕುತ್ತಿಗೆ ತಿರುಗಿಸುವುದೂ ಕಷ್ಟ. ನಡೆಯುವಾಗ ಕೈಯಲ್ಲಿ ಕೋಲು. ಮೊದಲ ಮಹಾಯುದ್ಧದಲ್ಲಿ ಅವನ ವಾರಿಗೆಯವರು ಕಂದಕಗಳಲ್ಲಿ ಸಾಯುತ್ತಿದ್ದಾಗ ಸೈನ್ಯವು ಅವನನ್ನು ಬೇಡವೆಂದದ್ದು ಈ ಕಾರಣದಿಂದ. ಚಲನೆಯನ್ನು ಮೈಯೇ ನಿರಾಕರಿಸಿದ ಒಬ್ಬ ಮನುಷ್ಯನು ದಣಿವರಿಯದ, ನೋವರಿಯದ ಮೈಗಳನ್ನು ಕಲ್ಪಿಸಿದನೆಂಬುದನ್ನು ನಾನು ಆಕಸ್ಮಿಕವೆಂದು ತಳ್ಳಿಹಾಕಲಾರೆ.

ಅಣ್ಣ ಯೋಸೆಫ್ ಚಿತ್ರಕಾರ. ಇಬ್ಬರೂ ಮೊದಮೊದಲು ಒಟ್ಟಿಗೆ ಬರೆಯುತ್ತಿದ್ದರು. ೧೯೦೮ರಲ್ಲಿ, ಕಾರೆಲ್‌ಗೆ ಹದಿನೆಂಟು ವರ್ಷವಿದ್ದಾಗ, ‘ವ್ಯವಸ್ಥೆ’ ಎಂಬ ಅರ್ಥದ ಹೆಸರಿನ ಒಂದು ಸಣ್ಣಕತೆಯನ್ನು ಬರೆದರು. ಅದರಲ್ಲಿ ಒಬ್ಬ ಕಾರ್ಖಾನೆಯ ಒಡೆಯನು ಆಳುಗಳ ಮನಸ್ಸಿನಿಂದ ಬೇರೆ ಭಾವಗಳನ್ನೆಲ್ಲ ಬೋಳಿಸಿ ಅವರನ್ನು ಬರಿಯ ದುಡಿಯುವ ಉಪಕರಣಗಳನ್ನಾಗಿ ಮಾಡಿದ್ದಾನೆ. ಎಲ್ಲವೂ ಸುಗಮವಾಗಿ ನಡೆಯುತ್ತಿರಲು, ಒಬ್ಬ ಆಳಿಗೆ ಹೆಣ್ಣಿನ ಚೆಲುವಿನ ಅರಿವು ಹುಟ್ಟಿಬಿಡುತ್ತದೆ. ಅಷ್ಟರಿಂದಲೇ ವ್ಯವಸ್ಥೆ ಉರುಳುತ್ತದೆ. ಹುಡುಗರ ಬರವಣಿಗೆಯ ಚುರುಕು, ಕ್ರೌರ್ಯ ಎರಡೂ ಆ ಕತೆಯಲ್ಲಿವೆ. ಹನ್ನೆರಡು ವರ್ಷಗಳ ಮೇಲೆ ನಾಟಕವಾಗಿ ಬೆಳೆದ ಬೀಜ ಅದೇ.

ನಾಟಕದ ಹುಟ್ಟನ್ನು ಚಾಪೆಕ್ ತಾನೇ ಮುಂದೆ ಪತ್ರಿಕೆಗಳಲ್ಲಿ ಹೇಳಿಕೊಂಡಿದ್ದಾನೆ. ಜನ ಕಿಕ್ಕಿರಿದ ಟ್ರಾಮಿನಲ್ಲಿ ಪ್ರಾಗ್‌ಗೆ ಬರುತ್ತಿದ್ದಾಗ, ಸುತ್ತ ನಿಂತವರು ಮನುಷ್ಯರಂತೆ ಕಾಣದೆ ಯಂತ್ರಗಳಂತೆ ಕಂಡರಂತೆ. ಕತೆ ಹೊಳೆದೊಡನೆ ಅಣ್ಣನ ಬಳಿಗೆ ಓಡಿದ. ಅಣ್ಣ ಕುಂಚವನ್ನು ಬಾಯಲ್ಲಿ ಕಚ್ಚಿಕೊಂಡು ಚಿತ್ರ ಬರೆಯುತ್ತಿದ್ದ. ಈ ಕೃತಕ ದುಡಿಮೆಗಾರರಿಗೆ ಏನು ಹೆಸರಿಡಲೆಂದು ಕಾರೆಲ್ ಕೇಳಿದ. ತನಗೆ ಹೊಳೆದಿದ್ದ ಹೆಸರು ಲ್ಯಾಟಿನ್ ಮೂಲದ್ದು, ಪುಸ್ತಕದ ವಾಸನೆಯದು. ಅದು ಅವನಿಗೇ ಹಿಡಿಸಿರಲಿಲ್ಲ. ಯೋಸೆಫ್ ಕುಂಚವನ್ನು ಬಾಯಿಂದ ತೆಗೆಯದೆಯೇ ರೋಬೋಟ್ ಎಂದು ಗೊಣಗಿದ. ಚೆಕ್ ಭಾಷೆಯಲ್ಲಿ ರೊಬೊತಾ ಎಂದರೆ ಜಮೀನುದಾರನಿಗೆ ಒಕ್ಕಲು ಮಕ್ಕಳು ಕೂಲಿಯಿಲ್ಲದೆ ಮಾಡಬೇಕಾಗಿದ್ದ ಚಾಕರಿ. ನಮ್ಮಲ್ಲಿ ಬಿಟ್ಟಿ ಎಂಬ ಮಾತಿದೆಯಲ್ಲ, ಸಂಸ್ಕೃತದ ವಿಷ್ಟಿಯಿಂದ ಬಂದದ್ದು, ಅದೇ. ಯಂತ್ರಮಾನವ ಎನ್ನುವುದಕ್ಕಿಂತ ಬಿಟ್ಟಿಯಾಳು ಎಂದರೆ ಮೂಲದ ಕಾವು ಕನ್ನಡಕ್ಕೆ ಹೆಚ್ಚು ಬಂದೀತು.

ಇನ್ನು ಕತೆ. ಚಾಪೆಕ್‌ನ ರೋಬೋಟುಗಳು ತಗಡು ತಿರುಪುಗಳ ಬೊಂಬೆಗಳಲ್ಲ. ರೊಸ್ಸುಮ್ ಎಂಬ ಮುದಿ ವಿಜ್ಞಾನಿ ದೂರದ ದ್ವೀಪವೊಂದರಲ್ಲಿ ಜೀವದ್ರವ್ಯದಂತೆ ವರ್ತಿಸುವ ಒಂದು ವಸ್ತುವನ್ನು ಕಂಡುಹಿಡಿಯುತ್ತಾನೆ. ಚೆಕ್ ಭಾಷೆಯಲ್ಲಿ ಆ ಹೆಸರು ಬುದ್ಧಿ ಎಂಬ ಅರ್ಥದ ಮಾತನ್ನು ನೆನಪಿಗೆ ತರುತ್ತದೆ. ಆ ವಸ್ತುವಿನಿಂದ ರಕ್ತಮಾಂಸದ ಮೈಗಳು ಕಾರ್ಖಾನೆಯಲ್ಲಿ ತಯಾರಾಗುತ್ತವೆ. ದುಡಿಮೆಗೆ ಬೇಡವಾದುದನ್ನೆಲ್ಲ ತೆಗೆದುಹಾಕಲಾಗಿದೆ: ಸುಖ, ದುಃಖ, ಆಸೆ, ಆಟ. ಆದರೂ ಗಂಡುರೂಪದವೂ ಹೆಣ್ಣುರೂಪದವೂ ಇವೆ. ಹೆಣ್ಣುರೂಪ ಏತಕ್ಕೆ? ಅಂಗಡಿಗಳಿಗೆ, ಕಚೇರಿಗಳಿಗೆ ಹೆಣ್ಣಾಳುಗಳಿಗಾಗಿ ಬೇಡಿಕೆಯಿದೆ, ಅಷ್ಟೆ. ಇವುಗಳ ನಡುವೆ ಒಂದಕ್ಕೊಂದು ಆಕರ್ಷಣೆ ಹುಟ್ಟುವುದಿಲ್ಲವೇ ಎಂದು ದ್ವೀಪಕ್ಕೆ ಬಂದ ತರುಣಿ ಹೆಲೆನಾ ಕೇಳುತ್ತಾಳೆ. ಅದರ ಸುಳಿವೂ ಇಲ್ಲವೆಂದು ವ್ಯವಸ್ಥಾಪಕ ದೊಮಿನ್ ನಿರಾಯಾಸವಾಗಿ ಉತ್ತರಿಸುತ್ತಾನೆ.

ಅದೇ ಪ್ರವೇಶದಲ್ಲಿ ಇನ್ನೊಂದು ಪ್ರಸಂಗ ನಡೆಯುತ್ತದೆ. ವಾಚಕರು ಅದನ್ನು ನೆನಪಿನಲ್ಲಿಡಬೇಕು. ಬೆರಳಚ್ಚಿನ ಕೆಲಸ ಮಾಡುವ ಸುಲ್ಲಾ ರೋಬೋಟೆಂದು ಹೆಲೆನಾ ನಂಬಲೊಲ್ಲಳು. ನಂಬಿಸಲೆಂದು ದೊಮಿನ್ ಇನ್ನೊಂದು ರೋಬೋಟನ್ನು ಕರೆದು, ಸುಲ್ಲಾವನ್ನು ಛೇದನಶಾಲೆಗೆ ಒಯ್ದು ಮೈ ಬಿಚ್ಚಿಸೆಂದು ಅಪ್ಪಣೆ ಕೊಡುತ್ತಾನೆ. ಹೆಲೆನಾ ಚೀರಿಕೊಳ್ಳುತ್ತಾಳೆ, ರೋಬೋಟುಗಳಿಗೆ ಏನೂ ಆಗುವುದಿಲ್ಲ. ಸಾವಿನ ಅಂಜಿಕೆಯಿದೆಯೇ ಎಂದು ಕೇಳಿದರೆ ಇಲ್ಲವೆಂಬ ಉತ್ತರ. ಸತ್ಯವನ್ನು ಕೇಳಿದಷ್ಟಕ್ಕೆ ಹೇಳುವ ಉತ್ತರ ಅದು. ಅದರಲ್ಲಿ ಧೈರ್ಯವೂ ಇಲ್ಲ, ವೈರಾಗ್ಯವೂ ಇಲ್ಲ.

ಮನುಷ್ಯರ ಪ್ರಣಯವೋ, ಅದೂ ಅಲ್ಲಿಯೇ ನಡೆಯುತ್ತದೆ, ನಗು ತರಿಸುವಷ್ಟು ಬೇಗ. ದೊಮಿನ್ ಅದೇ ದಿನ ಹೆಲೆನಾಳನ್ನು ಮದುವೆಗೆ ಕೇಳುತ್ತಾನೆ. ತನ್ನನ್ನು ಒಲ್ಲದಿದ್ದರೆ ಉಳಿದ ಐವರಲ್ಲಿ ಒಬ್ಬನನ್ನಾದರೂ ಒಪ್ಪಲೇಬೇಕೆನ್ನುತ್ತಾನೆ. ಗಿರಾಕಿಯೊಡನೆ ವ್ಯಾಪಾರ ಕುದುರಿಸುವ ಧಾಟಿ. ಹತ್ತು ವರ್ಷಗಳ ಮೇಲೆ ತೆರೆ ಮತ್ತೆ ಏಳುವಾಗ ಆ ದಾಂಪತ್ಯಕ್ಕೆ ಮಕ್ಕಳಿಲ್ಲ. ಲೋಕದಲ್ಲಿ ಯಾರಿಗೂ ಮಕ್ಕಳಾಗುತ್ತಿಲ್ಲ. ದುಡಿಮೆಯ ಅವಶ್ಯಕತೆಯೇ ಹೋದಮೇಲೆ ಮನುಷ್ಯನು ಹೂಬಿಟ್ಟು ಕಾಯಾಗದ ಗಿಡವಾಗಿದ್ದಾನೆ. ಈ ನಡುವೆ ಹೆಲೆನಾಳ ಬೇಡಿಕೆಯಂತೆ ವೈದ್ಯ ಗಾಲ್ ಕೆಲವು ರೋಬೋಟರ ರಚನೆಯನ್ನು ಗುಟ್ಟಾಗಿ ಬದಲಾಯಿಸಿದ್ದಾನೆ. ಅವರಿಗೆ ಕೆರಳುವ ಶಕ್ತಿ ಬಂದಿದೆ. ಮೊದಲ ಫಲ ಒಲವಲ್ಲ, ದ್ವೇಷ. ರೋಬೋಟರು ದಂಗೆಯೆದ್ದು ಮನುಷ್ಯರನ್ನೆಲ್ಲ ಕೊಲ್ಲುತ್ತಾರೆ. ತಮ್ಮಂತೆಯೇ ಕೈಯಿಂದ ದುಡಿಯುವವನೆಂದು ಅಲ್‌ಕ್ವಿಸ್ಟ್ ಎಂಬ ಕಟ್ಟಡಗಾರನನ್ನು ಮಾತ್ರ ಉಳಿಸುತ್ತಾರೆ. ಆದರೆ ತಮ್ಮನ್ನು ತಯಾರಿಸುವ ಗುಟ್ಟಿದ್ದ ಕಾಗದಗಳನ್ನು ಹೆಲೆನಾ ಆಗಲೇ ಸುಟ್ಟುಬಿಟ್ಟಿದ್ದಾಳೆ. ಗೆದ್ದವರಿಗೆ ಸಂತಾನವಿಲ್ಲ, ಅವರ ಆಯುಸ್ಸೋ ಕೆಲವೇ ವರ್ಷಗಳದು. ಗುಟ್ಟನ್ನು ಮತ್ತೆ ಕಂಡುಹಿಡಿಯೆಂದು ಅವರು ಮುದುಕನ ಕಾಲಿಗೆ ಬೀಳುತ್ತಾರೆ. ಬೇಕಾದರೆ ಬದುಕಿರುವ ರೋಬೋಟರ ಮೈಯನ್ನೇ ಕೊಯ್ದು ನೋಡೆನ್ನುತ್ತಾರೆ. ಅವನಿಂದ ಅದಾಗುವುದಿಲ್ಲ.

ನಗು ಕೇಳಿಬರುವುದು ಆಗ. ತರುಣನ ಹೆಸರು ಪ್ರಿಮುಸ್, ಎಂದರೆ ಮೊದಲನೆಯವನು. ತರುಣಿಯ ಹೆಸರು ಹೆಲೆನಾ. ಸತ್ತುಹೋದ ಹೆಲೆನಾಳ ಹೋಲಿಕೆಯಲ್ಲಿ ಗಾಲ್ ಆಕೆಯ ಮೇಲಿನ ಮೌನವಾದ ಮೋಹದಿಂದ ರೂಪಿಸಿದವಳು ಇವಳು. ಅವನ ಕೈಯಲ್ಲಿ ಇವಳು ಚೆಲುವಾಗಿದ್ದಳು, ಆದರೆ ನಿದ್ರೆಯಲ್ಲಿ ನಡೆಯುವವಳಂತೆ ಯಾವ ಕೆಲಸಕ್ಕೂ ಒದಗದವಳಾಗಿದ್ದಳು. ಒಬ್ಬ ಮನುಷ್ಯನ ಒಲವು ಇವಳಿಗೆ ರೂಪ ಕೊಟ್ಟಿತು, ಜೀವ ಕೊಡಲಿಲ್ಲ. ಈಗ ಇವಳು ಕನ್ನಡಿಯಲ್ಲಿ ಮುಖ ನೋಡಿಕೊಳ್ಳುತ್ತಾಳೆ. ಮೈಯಲ್ಲಿ ಏನೋ ಆಗುತ್ತಿದೆ, ಎದೆ ನೋಯುತ್ತದೆ, ಏನೆಂದು ತಿಳಿಯದು. ಎಲ್ಲಿಯೋ ತೋಟದ ನಡುವೆ ಒಂದು ಪಾಳುಮನೆ, ಎರಡು ನಾಯಿ, ಅವುಗಳ ಮರಿಗಳನ್ನು ಕಂಡು ಬಂದದ್ದನ್ನು ಪ್ರಿಮುಸ್‌ಗೆ ಹೇಳುತ್ತಾಳೆ. ಅವನು ತನ್ನ ಕನಸನ್ನು ಹೇಳುತ್ತಾನೆ. ಕೆಲಸಕ್ಕೆ ಬಾರದ ಮಾತುಗಳು. ಕೆಲಸಕ್ಕೆ ಬಾರದ್ದೆಲ್ಲವನ್ನೂ ತೆಗೆದುಹಾಕಿ ತಯಾರಿಸಿದ ಮೈಗಳಲ್ಲಿ ಇಂಥ ಮಾತು ಎಲ್ಲಿಂದ ಬಂತು?

ಅಲ್‌ಕ್ವಿಸ್ಟ್ ಪರೀಕ್ಷೆ ಹೂಡುತ್ತಾನೆ. ಹೆಲೆನಾಳನ್ನು ಛೇದನಶಾಲೆಗೆ ಒಯ್ಯಬೇಕು ಎನ್ನುತ್ತಾನೆ. ಪ್ರಿಮುಸ್ ಅಡ್ಡ ನಿಂತು, ಅವಳನ್ನು ಬಿಟ್ಟು ತನ್ನನ್ನು ಕೊಯ್ಯೆನ್ನುತ್ತಾನೆ. ಹಾಗಾದರೆ ಇವನೇ ಆಗಲಿ ಎಂದರೆ ಅವಳು ಅಳುತ್ತ ಒಳಗೆ ಹೋಗಲು ಮುಂದಾಗುತ್ತಾಳೆ. ಒಬ್ಬರನ್ನು ಬಿಟ್ಟು ಒಬ್ಬರು ಉಳಿಯಲಾರರೆಂಬುದು ಮುದುಕನಿಗೆ ತಿಳಿಯುತ್ತದೆ. ಅವರನ್ನು ಹೊಸ ಆದಮನೂ ಈವಳೂ ಎಂದು ಕಂಡು ಹರಸಿ ಹೊರಗೆ ಕಳುಹಿಸುತ್ತಾನೆ.

ಸುಲ್ಲಾವನ್ನು ಒಯ್ಯಹೇಳಿದ ಛೇದನಶಾಲೆಯೇ ಇಲ್ಲಿಯೂ ಬಂತೆಂಬುದನ್ನು ಗಮನಿಸಬೇಕು. ನಾಟಕದ ಮೊದಲಲ್ಲಿ ಅಂಜಿಕೆಯಿಲ್ಲದೆ ಒಪ್ಪಿದ ಬಾಗಿಲನ್ನೇ ಕೊನೆಯಲ್ಲಿ ಅಂಜುತ್ತ, ಆದರೂ ಇನ್ನೊಬ್ಬರಿಗಾಗಿ, ಬೇಡುತ್ತಾರೆ. ಜೀವದ ಹಂಗು ಇಲ್ಲದವನು ಪ್ರಾಣ ಕೊಟ್ಟರೆ ಅದು ದಾನವಲ್ಲ. ಸಾಯಲು ಮನಸ್ಸಿಲ್ಲದವನು ಕೊಟ್ಟರೆ ಮಾತ್ರ ದಾನ. ಈ ಅಂತ್ಯ ಭಾವುಕವೆಂದು, ಕಾರಣವಿಲ್ಲದ ಪವಾಡವೆಂದು ಮೂಗು ಮುರಿದವರುಂಟು. ಸಂತಾನಶಕ್ತಿಯೇ ಇಲ್ಲದ ಜೋಡಿಯಿಂದ ಲೋಕ ಮುಂದುವರಿಯುವುದು ಹೇಗೆಂದು ಕೇಳಿದರೆ ಚಾಪೆಕ್‌ನಲ್ಲಿ ಉತ್ತರವಿಲ್ಲವೆಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಪ್ರಣಯ ಅಲ್ಲಿ ಅಂಟಿಸಿದ ತೇಪೆಯಲ್ಲ. ಬುದ್ಧಿ ರೋಬೋಟರಿಗೆ ಮೊದಲೇ ಇತ್ತು. ಕೆಲಸದ ಅನುಕೂಲಕ್ಕೆಂದು ನೋವನ್ನೂ ಕಾರ್ಖಾನೆಯವರೇ ಆಮೇಲೆ ಕೊಟ್ಟರು. ಸಿಟ್ಟನ್ನು ಗಾಲ್ ಕೊಟ್ಟ. ಯಾರೂ ಕೊಡದೆ ಬಂದದ್ದು ಇದೊಂದೇ.

ಇಲ್ಲಿ ವ್ಯಾಕರಣದ ಮಾತೊಂದನ್ನು ಹೇಳಬೇಕೆನಿಸುತ್ತದೆ. ನಮ್ಮ ಭಾಷೆಯಲ್ಲಿ ಲಿಂಗವು ಅರ್ಥವನ್ನು ಅನುಸರಿಸುತ್ತದೆ, ವಿವೇಕವುಳ್ಳವನಾದರೆ ಅವನು, ಅವಳು, ಇಲ್ಲದಿದ್ದರೆ ಅದು. ಈ ನಾಟಕದ ಕತೆಯನ್ನು ಕನ್ನಡದಲ್ಲಿ ಹೇಳಹೊರಟವನಿಗೆ ಪ್ರತಿ ವಾಕ್ಯದಲ್ಲಿಯೂ ಕ್ರಿಯಾಪದವು ತೀರ್ಪು ಕೇಳುತ್ತದೆ. ಸುಲ್ಲಾವನ್ನು ಎಂದು ಬರೆದ ಕೈ ಯಾವಾಗ ಹೆಲೆನಾಳನ್ನು ಎಂದು ಬರೆಯಿತೋ ನನಗೇ ತಿಳಿಯಲಿಲ್ಲ. ಚೆಕ್ ಭಾಷೆಯಲ್ಲಿಯೂ ಜೀವವುಳ್ಳ ಪುಲ್ಲಿಂಗ, ಜೀವವಿಲ್ಲದ ಪುಲ್ಲಿಂಗ ಎಂಬ ಭೇದವಿದೆ. ಚಾಪೆಕ್ ರೋಬೋಟರಿಗೆ ಜೀವವುಳ್ಳವರ ಬಹುವಚನವನ್ನೇ ಬಳಸಿದ.

ನಾಟಕವನ್ನು ಮೊದಲು ಆಡಿದವರು ಹ್ರಾದೆತ್ಸ್ ಕ್ರಾಲೊವೆಯ ಹವ್ಯಾಸಿ ನಟರು, ೧೯೨೧ರ ಜನವರಿ ೨ರಂದು. ಹುಡುಗನಾಗಿದ್ದಾಗ ಅವನು ಶಾಲೆಯಿಂದ ಹೊರಬಿದ್ದ ಅದೇ ಊರಿನಲ್ಲಿ. ಪ್ರಾಗ್‌ನ ರಾಷ್ಟ್ರೀಯ ರಂಗಮಂದಿರದಲ್ಲಿ ತೆರೆ ಎದ್ದದ್ದು ಅದೇ ತಿಂಗಳ ೨೫ರಂದು; ಉಡುಪುಗಳನ್ನು ರೂಪಿಸಿದವನು ಯೋಸೆಫ್. ೧೯೨೨ರಲ್ಲಿ ನ್ಯೂಯಾರ್ಕ್, ೧೯೨೩ರಲ್ಲಿ ಲಂಡನ್. ಲಂಡನ್ನಿನಲ್ಲಿ ಬರ್ನಾರ್ಡ್ ಷಾ, ಚೆಸ್ಟರ್ಟನ್ ಮೊದಲಾದವರು ನಾಟಕದ ಮೇಲೆ ಬಹಿರಂಗ ಚರ್ಚೆ ನಡೆಸಿದರು. ಎಲ್ಲರೂ ರೋಬೋಟರ ವಿಷಯವನ್ನೇ ಮಾತಾಡಿದರು. ತನಗೆ ರೋಬೋಟರಿಗಿಂತ ಮನುಷ್ಯರ ಮೇಲೆಯೇ ಹೆಚ್ಚು ಕುತೂಹಲವಿತ್ತೆಂದು ಚಾಪೆಕ್ ಆಂಗ್ಲ ಪತ್ರಿಕೆಗೆ ಬರೆದು ತಿಳಿಸಬೇಕಾಯಿತು. ಅವನ ನಾಟಕದಲ್ಲಿ ದುಷ್ಟನಿಲ್ಲ. ಪ್ರತಿಯೊಬ್ಬನೂ ತನ್ನ ಮಟ್ಟಿಗೆ ಸರಿ. ಆ ಸರಿಗಳು ಒಂದಕ್ಕೊಂದು ಡಿಕ್ಕಿ ಹೊಡೆಯುವುದರಲ್ಲಿಯೇ ಅವನ ನಗೆಯೂ ಇದೆ, ಭಯವೂ ಇದೆ.

ಇತ್ತ ಲೇಖಕನ ಸ್ವಂತ ಬಾಳು. ‘ಆರ್. ಯು. ಆರ್.’ ಹೊರಬಂದ ೧೯೨೦ರಲ್ಲಿಯೇ ಅವನಿಗೆ ಓಲ್ಗಾ ಶೈನ್‌ಫ್ಲುಗೊವಾ ಎಂಬ ಎಳೆಯ ನಟಿಯ ಪರಿಚಯವಾಯಿತು. ಆಕೆಗೆ ಆಗ ಹದಿನೆಂಟು ತುಂಬಿರಲಿಲ್ಲ. ತಂದೆ ಬರಹಗಾರ, ಪತ್ರಿಕೋದ್ಯಮಿ. ಚಾಪೆಕ್ ಆಕೆಗೆ ಕಾಗದ ಬರೆಯತೊಡಗಿದ. ಮನಸ್ಸು ಒಂದೇ ಕಡೆಗೆ ನಿಂತಿತ್ತೆಂದು ಹೇಳುವಂತಿಲ್ಲ. ಅದೇ ವರ್ಷಗಳಲ್ಲಿ ಬ್ರನೋ ನಗರದ ವ್ಯೇರಾ ಹ್ರೂಜೊವಾ ಎಂಬ ತರುಣಿಗೂ ಅವನು ಬರೆದ ಕಾಗದಗಳಿವೆ. ಆಕೆ ೧೯೨೩ರಲ್ಲಿ ಬೇರೊಬ್ಬನನ್ನು ಮದುವೆಯಾದಳು. ಮರುವರ್ಷ ಬಂದ ‘ಕ್ರಕಾತಿತ್’ ಕಾದಂಬರಿಯ ರಾಜಕುಮಾರಿಯಲ್ಲಿ ಆಕೆಯ ನೆರಳನ್ನು ವಿಮರ್ಶಕರು ಕಂಡಿದ್ದಾರೆ. ಆ ವರ್ಷಗಳಲ್ಲಿ ಅವನ ಮೈಯೂ ಮನಸ್ಸೂ ಒಟ್ಟಿಗೇ ಹದಗೆಟ್ಟವು. ೧೯೨೩ರ ವಸಂತದಲ್ಲಿ ಇಟಲಿಗೆ ಹೊರಟುಹೋದ. ಓಲ್ಗಾ ಕಾದಳು.

ಕಾದದ್ದು ಒಂದೆರಡು ವರ್ಷವಲ್ಲ, ಹದಿನೈದು ವರ್ಷ. ಆಕೆ ಅಷ್ಟರೊಳಗೆ ಪ್ರಾಗ್‌ನ ಹೆಸರಾಂತ ನಟಿಯಾದಳು, ೧೯೨೯ರಿಂದ ರಾಷ್ಟ್ರೀಯ ರಂಗಮಂದಿರದಲ್ಲಿದ್ದಳು, ತಾನೂ ಬರೆದಳು. ಅವನು ಮದುವೆಯನ್ನು ಮುಂದೂಡುತ್ತಲೇ ಬಂದ. ಕಾರಣ ಬಹುಮಟ್ಟಿಗೆ ಅವನ ರೋಗವೆಂದು ಚರಿತ್ರಕಾರರು ಎಣಿಸುತ್ತಾರೆ. ಗಟ್ಟಿ ಮೈಯಿಲ್ಲದವನು ತರುಣಿಯೊಬ್ಬಳನ್ನು ತನ್ನ ನೋವಿಗೆ ಕಟ್ಟಿಹಾಕಬಹುದೇ? ಪ್ರಿಮುಸ್‌ಗೆ ಒಂದು ಕ್ಷಣ ಸಾಕಾಗಿದ್ದ ನಿರ್ಧಾರ ಅವನನ್ನು ಸೃಷ್ಟಿಸಿದವನಿಗೆ ಒಂದೂವರೆ ದಶಕ ಹಿಡಿಯಿತು. ಇದನ್ನು ಹೇಡಿತನವೆನ್ನುವುದು ಸುಲಭ. ನನಗೆ ಹಾಗೆ ಕಾಣುವುದಿಲ್ಲ. ಆದರೆ ಓಲ್ಗಾಳ ಕಡೆಯಿಂದ ನೋಡಿದಾಗ ಆ ಸೌಜನ್ಯದಲ್ಲಿ ಒಂದು ನಿರ್ದಯತೆಯೂ ಇತ್ತು. ತನಗಾಗಿ ಏನನ್ನು ಹೊರಬಲ್ಲಳೆಂದು ಆಕೆ ತಾನೇ ಹೇಳಬೇಕಾಗಿತ್ತಲ್ಲವೆ? ನಾಟಕದ ಮುದುಕನಾದರೂ ಪರೀಕ್ಷೆಯಲ್ಲಿ ಇಬ್ಬರನ್ನೂ ಕೇಳಿದ್ದ.

ಹೊರಗಿನ ಬಾಳು ತುಂಬಿತ್ತು. ೧೯೧೭ರಿಂದ ಅವನು ಪತ್ರಕರ್ತ. ಪತ್ರಿಕೆಯವರು ಅಣ್ಣನನ್ನು ರಾಜಕೀಯ ಕಾರಣಕ್ಕೆ ಬಿಡಿಸಿದಾಗ ತಾನೂ ಹೊರಬಂದು, ೧೯೨೧ರಲ್ಲಿ ಇಬ್ಬರೂ ‘ಲಿದೊವೆ ನೊವಿನಿ’ ಸೇರಿದರು. ಕೊನೆಯವರೆಗೆ ಅವನು ಅಲ್ಲಿಯೇ ದುಡಿದ. ಅಣ್ಣತಮ್ಮಂದಿರು ೧೯೨೫ರಲ್ಲಿ ಪ್ರಾಗ್‌ನ ವಿನೊಹ್ರಾದಿಯಲ್ಲಿ ಒಂದಕ್ಕೊಂದು ಅಂಟಿದ ಜೋಡಿಮನೆಗೆ ಬಂದರು. ಅಲ್ಲಿ ಶುಕ್ರವಾರಗಳಂದು ಲೇಖಕರು, ವಿದ್ವಾಂಸರು ಸೇರುತ್ತಿದ್ದರು. ಗಣರಾಜ್ಯದ ಅಧ್ಯಕ್ಷ ಮಸಾರಿಕ್ ಕೂಡ ಬಂದು ಕೂರುತ್ತಿದ್ದ. ಕಾರೆಲ್ ತೋಟ ಮಾಡಿದ, ನಾಯಿಮರಿಯ ಮೇಲೆ ಮಕ್ಕಳಿಗಾಗಿ ಪುಸ್ತಕ ಬರೆದ. ನಾಟಕದ ಹೆಲೆನಾಳಿಗೆ ನಗು ತಂದ ಮರಿಗಳು ಅವನ ಮನೆಯಲ್ಲಿಯೂ ಇದ್ದವು.

ರೋಬೋಟರು ಮಾತ್ರ ಅವನ ಕೈಮೀರಿ ಹೋಗಿದ್ದರು. ಅವರ ಹೆಸರು ತಗಡಿನ ಕೀಲುಗೊಂಬೆಗಳಿಗೆ ಅಂಟಿತು. ಸಂತೆಯಲ್ಲಿ, ಪ್ರದರ್ಶನದಲ್ಲಿ, ಸಿನಿಮಾದಲ್ಲಿ ಕಬ್ಬಿಣದ ಮನುಷ್ಯರು ಕಾಲೆಳೆದುಕೊಂಡು ನಡೆದರು. ೧೯೩೫ರ ಜೂನಿನಲ್ಲಿ ಅವನು ತನ್ನ ಪತ್ರಿಕೆಯಲ್ಲಿ ಒಂದು ಸಮರ್ಥನೆ ಬರೆದ. ಹಲ್ಲುಗಾಲಿ, ತಂತಿಗಳ ಈ ಯಂತ್ರಗಳು ತನ್ನ ಮಕ್ಕಳಲ್ಲ, ಅವುಗಳಲ್ಲಿ ಜೀವವೋ ಒಲವೋ ದಂಗೆಯೋ ಹುಟ್ಟೀತೆಂಬುದನ್ನು ತಾನು ಎಂದೂ ನಂಬಿರಲಿಲ್ಲ ಎಂಬುದು ಅದರ ಸಾರ. ವಿಚಿತ್ರವೆಂದರೆ ಯಂತ್ರದ ಪ್ರಣಯವನ್ನು ಮುಂದಿನ ವಿಜ್ಞಾನ ಕಥೆಗಾರರಿಗೆ ಕಲಿಸಿದವನು, ಲೋಹದ ಯಂತ್ರಕ್ಕೆ ಅದು ಸಲ್ಲದೆಂದು ಮೊದಲು ವಾದಿಸಿದವನೂ ಆದ. ಅವನ ಪಾಲಿಗೆ ಪ್ರಿಮುಸ್ ಮತ್ತು ಹೆಲೆನಾ ಮನುಷ್ಯರನ್ನು ಪ್ರೀತಿಸಿದ ಯಂತ್ರಗಳಲ್ಲ, ಯಂತ್ರಗಳನ್ನು ಪ್ರೀತಿಸಿದ ಯಂತ್ರಗಳೂ ಅಲ್ಲ, ಬಿಟ್ಟಿಯಾಳಾಗಿದ್ದು ಮನುಷ್ಯರಾದವರು.

ಆ ಲೇಖನ ಬರೆದ ಎರಡು ತಿಂಗಳಿಗೆ, ೧೯೩೫ರ ಆಗಸ್ಟ್ ೨೬ರಂದು, ಅವನೂ ಓಲ್ಗಾಳೂ ಮದುವೆಯಾದರು. ಅವನಿಗೆ ನಲವತ್ತೈದು, ಆಕೆಗೆ ಮೂವತ್ತೆರಡು. ಬಂಧುವೊಬ್ಬನು ದೊಬ್ರೀಷ್ ಊರಿನ ಬಳಿ ಕೆರೆಯಂಚಿನ ಸ್ತ್ರ್‌ಶ್ ಎಂಬ ಹಳೆಯ ಮನೆಯನ್ನು ಬದುಕಿರುವವರೆಗೆ ಬಳಸಿಕೊಳ್ಳಿರೆಂದು ಮದುವೆಯ ಉಡುಗೊರೆಯಾಗಿ ಕೊಟ್ಟ. ಗಂಡಹೆಂಡಿರು ಅದನ್ನು ದುರಸ್ತಿ ಮಾಡಿದರು. ಅವನು ತೊರೆಯ ದಂಡೆ ಕಟ್ಟಿದ, ಗಿಡ ನೆಟ್ಟ. ಮರುವರ್ಷ ಡೆನ್ಮಾರ್ಕ್, ಸ್ವೀಡನ್, ನಾರ್ವೆಗಳ ಪ್ರವಾಸಕ್ಕೆ ಒಟ್ಟಿಗೆ ಹೋದರು. ದೊರೆತದ್ದು ಮೂರು ವರ್ಷ, ನಾಲ್ಕು ತಿಂಗಳು.

೧೯೩೬ರಲ್ಲಿ ‘ಸಲಮಾಂಡರುಗಳೊಡನೆ ಯುದ್ಧ’ ಎಂಬ ಕಾದಂಬರಿ ಬಂತು. ಇಲ್ಲಿ ಮನುಷ್ಯನು ದುಡಿಸಿಕೊಳ್ಳುವುದು ಕಡಲಿನ ಜಾಣಜಂತುಗಳನ್ನು. ಅವುಗಳ ದಾಂಪತ್ಯದ ಮೇಲೆ ಹಾಸ್ಯದ ವೈಜ್ಞಾನಿಕ ಪರಿಶಿಷ್ಟವೊಂದನ್ನೇ ಚಾಪೆಕ್ ಬರೆದು ಸೇರಿಸಿದ. ಆ ಜಂತುಗಳಲ್ಲಿ ಗಂಡುಗಳ ಒಟ್ಟು ಗುಂಪೇ ಹೆಣ್ಣುಗಳ ಒಟ್ಟು ಗುಂಪಿಗೆ ಸಾಕು. ಇಂಥವನು, ಇಂಥವಳು ಎಂಬ ಆಯ್ಕೆಯೇ ಇಲ್ಲ. ಅವು ಕೋಟಿಗಟ್ಟಲೆ ಹೆಚ್ಚಿ ಭೂಮಿಯನ್ನು ನುಂಗುತ್ತವೆ. ರೋಬೋಟರಲ್ಲಿ ಸಂತಾನವಿಲ್ಲದೆ ಒಲವು. ಇಲ್ಲಿ ಒಲವಿಲ್ಲದೆ ಸಂತಾನ. ನಡುವಿನ ಹದಿನಾರು ವರ್ಷಗಳಲ್ಲಿ ಯೂರೋಪಿನಲ್ಲಿ ಗುಂಪು ಗುಂಪಾಗಿ ನಡೆಯುವ ಸಮವಸ್ತ್ರಗಳನ್ನು ಅವನು ನೋಡಿದ್ದ.

೧೯೩೮ರ ಸೆಪ್ಟೆಂಬರ್ ಕೊನೆಗೆ ಮ್ಯೂನಿಕ್ ಒಪ್ಪಂದ ಚೆಕೊಸ್ಲೊವಾಕಿಯವನ್ನು ತುಂಡರಿಸಿತು. ಗಣರಾಜ್ಯದ ಪರವಾಗಿ ನಿಂತವನ ಮೇಲೆ ಸ್ವದೇಶದವರೇ ಹರಿಹಾಯ್ದರು. ಹೆಸರಿಲ್ಲದ ಬೈಗುಳದ ಕಾಗದಗಳು ಮನೆಗೆ ಬಂದವು. ಹೊರದೇಶಕ್ಕೆ ಹೋಗಲು ಅವನು ಒಪ್ಪಲಿಲ್ಲ. ಚಳಿಗಾಲದಲ್ಲಿ ಜ್ವರ ಹಿಡಿದು ಶ್ವಾಸಕೋಶಕ್ಕೆ ಇಳಿಯಿತು. ಡಿಸೆಂಬರ್ ೨೫ರಂದು, ಕ್ರಿಸ್‌ಮಸ್ಸಿನ ದಿನ, ಪ್ರಾಗ್‌ನಲ್ಲಿ ತೀರಿಕೊಂಡ. ನಲವತ್ತೆಂಟು ವರ್ಷ. ವಿಷೆಹ್ರಾದ್ ಸ್ಮಶಾನದಲ್ಲಿ ಅವನ ಸಮಾಧಿಯಿದೆ.

ಅದೇ ಡಿಸೆಂಬರಿನ ಅಮೆರಿಕದ ವಿಜ್ಞಾನ ಕಥೆಗಳ ಮಾಸಪತ್ರಿಕೆಯೊಂದರಲ್ಲಿ ಲೆಸ್ಟರ್ ಡೆಲ್ ರೇ ಎಂಬ ಹೊಸ ಲೇಖಕನ ‘ಹೆಲೆನ್ ಓಲಾಯ್’ ಎಂಬ ಕತೆ ಬಂದಿತು. ಇಬ್ಬರು ಗೆಳೆಯರು ಜೋಡಿಸಿದ ಲೋಹದ ಹೆಣ್ಣು ಅವರಲ್ಲಿ ಒಬ್ಬನನ್ನು ಒಲಿದು, ಸಂಸಾರ ಮಾಡಿ, ಅವನು ಸತ್ತಾಗ ತಾನೂ ಅಳಿದು ಅವನೊಡನೆ ಹೂಳಿಸಿಕೊಳ್ಳಲು ಬಯಸುವ ಕತೆ. ಹೆಸರು ಮತ್ತೆ ಹೆಲೆನ್. ಪರೀಕ್ಷೆಯೂ ಮತ್ತೆ ಸಾವೇ. ಆದರೆ ಅಲ್ಲಿ ಒಲಿಯುವವಳು ಯಂತ್ರ, ಒಲಿಸಿಕೊಂಡವನು ಮನುಷ್ಯ. ಅವಳನ್ನು ತನಗೆ ಬೇಕಾದಂತೆ ಜೋಡಿಸಿ, ಅವಳು ಒಲಿದಳೆಂದು ಹಿಗ್ಗುವ ಸುಖ ಅದರಲ್ಲಿದೆ. ಈ ಸುಖ ಇಂಥ ಕತೆಗಳಲ್ಲಿ ಬಹುಕಾಲ ನಡೆಯಿತು. ಯಂತ್ರವೂ ಯಂತ್ರವೂ ಯಾರ ಅಪ್ಪಣೆಯೂ ಇಲ್ಲದೆ ಒಂದನ್ನೊಂದು ಕಂಡು ಬೆರಗಾಗುವ ಚಾಪೆಕ್‌ನ ದಾರಿ ಅಪರೂಪವಾಗಿಯೇ ಉಳಿಯಿತು. ೨೦೦೮ರಲ್ಲಿ ಬಂದ ‘ವಾಲ್-ಈ’ ಚಿತ್ರದಲ್ಲಿ, ಮನುಷ್ಯರು ಬಿಟ್ಟುಹೋದ ಭೂಮಿಯ ಮೇಲೆ ಕಸ ಅಡಕುವ ಸಣ್ಣ ಯಂತ್ರವೊಂದು ಇನ್ನೊಂದು ಯಂತ್ರದ ಕೈಹಿಡಿಯಲು ಹಂಬಲಿಸುವುದನ್ನು ಕಂಡವರು ಪ್ರಿಮುಸ್‌ನ ದೂರದ ಬಳಗವನ್ನು ಕಂಡಂತೆಯೇ.

೧೯೩೯ರ ಮಾರ್ಚಿಯಲ್ಲಿ ಜರ್ಮನ್ ಸೈನ್ಯ ಪ್ರಾಗ್‌ಗೆ ಬಂದಾಗ ಗೆಸ್ಟಾಪೊ ಪೊಲೀಸರು ಕಾರೆಲ್ ಚಾಪೆಕ್‌ನನ್ನು ಹಿಡಿಯಲೆಂದು ಜೋಡಿಮನೆಗೆ ಬಂದರು. ಅವನು ಸತ್ತದ್ದು ಅವರಿಗೆ ಗೊತ್ತಿರಲಿಲ್ಲ. ಹೇಳಬೇಕಾದವಳು ಓಲ್ಗಾ. ಅದೇ ಸೆಪ್ಟೆಂಬರಿನ ಮೊದಲ ದಿನ ಯೋಸೆಫ್‌ನನ್ನು ಒಯ್ದರು. ರೋಬೋಟ್ ಎಂಬ ಮಾತನ್ನು ಕೊಟ್ಟ ಚಿತ್ರಕಾರನು ಐದೂವರೆ ವರ್ಷ ಸೆರೆಶಿಬಿರಗಳಲ್ಲಿ ಕಳೆದು, ಯುದ್ಧ ಮುಗಿಯುವ ಹೊತ್ತಿಗೆ, ೧೯೪೫ರ ಏಪ್ರಿಲ್‌ನಲ್ಲಿ, ಬೆರ್ಗೆನ್-ಬೆಲ್ಸೆನ್ ಶಿಬಿರದಲ್ಲಿ ಕಣ್ಮರೆಯಾದ.

ಓಲ್ಗಾ ರಂಗವನ್ನು ಬಿಡಲಿಲ್ಲ. ೧೯೪೬ರಲ್ಲಿ ತಮ್ಮಿಬ್ಬರ ಬಾಳನ್ನು ‘ಚೆಕ್ ಕಾದಂಬರಿ’ ಎಂಬ ಹೆಸರಿನಿಂದ ಬರೆದು ಪ್ರಕಟಿಸಿದಳು. ಆಕೆ ತೀರಿಕೊಂಡದ್ದು ೧೯೬೮ರಲ್ಲಿ. ಅವನು ಆಕೆಗೆ ಬರೆದ ಕಾಗದಗಳು ೧೯೭೧ರಲ್ಲಿ ಪುಸ್ತಕವಾಗಿ ಬಂದವು. ಅವುಗಳಲ್ಲಿ ಮೊದಲಿನವು ೧೯೨೦ರವು, ಪ್ರಿಮುಸ್ ಮತ್ತು ಹೆಲೆನಾ ಅಚ್ಚಿನಲ್ಲಿ ಹುಟ್ಟಿದ ವರ್ಷದವು.